ಕಾಲಿಗೋ, ಕಲ್ಲಿಗೋ? ಪಿಕಪ್‌ಗೆ ಸೈಡ್ ಸ್ಟೆಪ್ ಅಥವಾ ರಾಕ್ ಸ್ಲೈಡರ್ ಆರಿಸಲು 15 ಸೂತ್ರಗಳು

ಹೊಸ ಪಿಕಪ್ ಮನೆಗೆ ಬಂದ ವಾರದೊಳಗೆ ಆಕ್ಸೆಸರಿ ಅಂಗಡಿ ಮುಂದೆ ನಿಲ್ಲುವುದು ವಾಡಿಕೆ. ಸೀಟ್ ಕವರ್ ಆಯಿತು, ಮ್ಯಾಟ್ ಆಯಿತು, ಇನ್ನು ಬಾಗಿಲ ಕೆಳಗೊಂದು ಕಂಬಿ. "ಹಾಕಿಸ್ಕೊಳ್ಳಿ ಸಾರ್, ಗಾಡಿ ಲುಕ್ಕೇ ಬೇರೆ" ಎಂದು ಅಂಗಡಿಯವನು ಅನ್ನುತ್ತಾನೆ, ನಾವೂ ತಲೆಯಾಡಿಸುತ್ತೇವೆ. ಆದರೆ ಆ ಜಾಗಕ್ಕೆ ಬರುವ ಸಾಮಾನು ಎರಡು ಬಗೆಯದು. ದೂರದಿಂದ ನೋಡಿದರೆ ಎರಡೂ ಒಂದೇ, ಕೆಲಸ ಮಾತ್ರ ಪೂರ್ತಿ ಬೇರೆ. ಸೈಡ್ ಸ್ಟೆಪ್ ಇರುವುದು ಮನುಷ್ಯರ ಕಾಲಿಗೆ, ರಾಕ್ ಸ್ಲೈಡರ್ ಇರುವುದು ದಾರಿಯ ಕಲ್ಲಿಗೆ. ಒಂದು ಮಾಡಬೇಕಾದ ಕೆಲಸವನ್ನು ಇನ್ನೊಂದರ ತಲೆಗೆ ಕಟ್ಟಿದರೆ ಟಿಂಕರಿಂಗ್ ಖರ್ಚು ಖಾತ್ರಿ. ಟೊಯೋಟಾ ಹೈಲಕ್ಸ್, ಇಸುಜು ವಿ-ಕ್ರಾಸ್‌ನಂಥ ಗಾಡಿ ಇಟ್ಟುಕೊಂಡು ತೋಟಕ್ಕೂ ಘಟ್ಟಕ್ಕೂ ಓಡಾಡುವವರು ದುಡ್ಡು ಬಿಚ್ಚುವ ಮುಂಚೆ ನೋಡಬೇಕಾದ ಸಂಗತಿಗಳು ಇಲ್ಲಿವೆ.

1. ಕ್ಯಾಟಲಾಗ್‌ಗಿಂತ ಮೊದಲು ನಿಮ್ಮ ದಾರಿ ನೋಡಿ

ನಿಮ್ಮ ಗಾಡಿ ತಿಂಗಳಲ್ಲಿ ಓಡುವುದು ಎಲ್ಲೆಲ್ಲಿ? ಬೆಂಗಳೂರು–ಹಾಸನ ಹೆದ್ದಾರಿ, ಆಮೇಲೆ ತೋಟದ ಗೇಟಿನವರೆಗೆ ಮಣ್ಣು ರಸ್ತೆ, ಅಷ್ಟೇ ಎಂದಾದರೆ ಸ್ಲೈಡರ್ ಸುಮ್ಮನೆ ಹೊರೆ. ಒಳ್ಳೆ ಸೈಡ್ ಸ್ಟೆಪ್ ಧಾರಾಳ ಸಾಕು. ಗೇಟಿನಿಂದ ಮುಂದೆ ಬಂಡೆ ಎದ್ದ ಏರು, ಮಳೆಗೆ ಕೊರೆದ ಚರಂಡಿ, ಹಳ್ಳದ ಗುಂಡುಕಲ್ಲು ದಾಟಿ ಕಾಫಿ ಕಣಕ್ಕೆ ಹೋಗಬೇಕಾದರೆ ಲೆಕ್ಕವೇ ಬದಲು. ಕೊಡಚಾದ್ರಿ ಜೀಪಿನಲ್ಲಿ ಕುಳಿತು ಮೈಕೈ ನೋಯಿಸಿಕೊಂಡವರಿಗೆ ಎಂಥ ದಾರಿಯ ಮಾತು ಇದು ಎಂದು ಬಿಡಿಸಿ ಹೇಳಬೇಕಿಲ್ಲ. ವರ್ಷಕ್ಕೊಮ್ಮೆ ಗೆಳೆಯರ ಜತೆ ಹೋಗುವ ಆಫ್‌ರೋಡ್ ಮೋಜಿಗೋಸ್ಕರ ದಿನನಿತ್ಯದ ಗಾಡಿಗೆ ಉಕ್ಕು ಹೊರಿಸಬೇಡಿ. ದಿನನಿತ್ಯದ ದಾರಿಯೇ ಹಾಗಿದ್ದರೆ ಚೌಕಾಸಿಯನ್ನೂ ಮಾಡಬೇಡಿ.

2. ಟೇಪು ಹಿಡಿದು ಹೊಟ್ಟೆ ಅಳೆಯಿರಿ

ಪಿಕಪ್‌ನ ದೌರ್ಬಲ್ಯ ಅದರ ಉದ್ದ. ಹೈಲಕ್ಸ್‌ನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 3,085 ಮಿ.ಮೀ. ಅಂತರ, ವಿ-ಕ್ರಾಸ್‌ಗೆ 3,095. ಮೂರು ಬಾಗಿಲಿನ ಥಾರ್‌ಗೆ ಬರೀ 2,450. ಅಂತರ ಹೆಚ್ಚಿದಷ್ಟೂ ದಿಬ್ಬದ ನೆತ್ತಿ ದಾಟುವಾಗ ಗಾಡಿಯ ಹೊಟ್ಟೆ ನೆಲಕ್ಕೆ ಹತ್ತಿರ. ಥಾರ್‌ಗೆ 226 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ ಕೊಡುವ ಅನುಕೂಲವೇ ಹೈಲಕ್ಸ್‌ಗೂ ಸಿಗಬೇಕಾದರೆ, ಒರಟು ಲೆಕ್ಕದಲ್ಲಿ ಸುಮಾರು 285 ಮಿ.ಮೀ. ಬೇಕು. ಹಾಗಿರುವಾಗ ಬಾಗಿಲ ಕೆಳಗೆ ಇನ್ನೊಂದು ಕಂಬಿ ಜೋತುಬಿದ್ದರೆ ಇರುವ ಎತ್ತರವೂ ಹೋಯಿತು. ಸಮತಟ್ಟು ನೆಲದಲ್ಲಿ ಗಾಡಿ ನಿಲ್ಲಿಸಿ ಮೂರು ಅಳತೆ ತೆಗೆದುಕೊಳ್ಳಿ: ನೆಲದಿಂದ ಚಾಸಿಯ ತಳಕ್ಕೆ, ನೆಲದಿಂದ ಬಾಗಿಲ ಕೆಳಗಿನ ಪಟ್ಟಿಗೆ, ನೆಲದಿಂದ ಕ್ಯಾಬಿನ್ ಒಳಗಿನ ಕಾಲಿಡುವ ಜಾಗಕ್ಕೆ. ಮುಂದಿನ ಎಲ್ಲ ತೀರ್ಮಾನಕ್ಕೂ ಈ ಮೂರು ಅಂಕಿ ಸಾಕು.

3. ಹತ್ತಿ ಇಳಿಯುವವರು ಯಾರು ಕೇಳಿ

ಓಡಿಸುವ ಯಜಮಾನರು ಆರಡಿ ಎತ್ತರವಿದ್ದರೆ ಅವರಿಗೆ ಮೆಟ್ಟಿಲೇ ಬೇಡ. ಆದರೆ ಹಿಂದಿನ ಸೀಟಿಗೆ ಹತ್ತುವವರು ಮಂಡಿನೋವಿನ ಅಮ್ಮ, ಸೀರೆ ಉಟ್ಟ ಅತ್ತೆ, ಸ್ಕೂಲ್ ಬ್ಯಾಗ್ ಹೊತ್ತ ಮಗು. ಅವರನ್ನು ಅಂಗಡಿಗೇ ಕರೆದುಕೊಂಡು ಹೋಗಿ ಹತ್ತಿಸಿ ನೋಡಿ. ನೆಲಕ್ಕೂ ಕ್ಯಾಬಿನ್ ತಳಕ್ಕೂ ನಡುವಿನ ಎತ್ತರದ ಹೆಚ್ಚುಕಡಿಮೆ ಮಧ್ಯಕ್ಕೆ ಮೆಟ್ಟಿಲು ಬಂದರೆ ಕಾಲಿಗೆ ಹಿತ. ತೀರಾ ಮೇಲಿದ್ದರೆ ಹತ್ತಲು ಪ್ರಯೋಜನವಿಲ್ಲ, ಇಳಿಯುವಾಗ ಮೀನಖಂಡಕ್ಕೆ ಒರೆಸಿ ಬಟ್ಟೆಯೆಲ್ಲ ಕೆಸರು. ಅಗಲವನ್ನೂ ಗಮನಿಸಿ. ಅಂಗಾಲಿನ ಮುಂಭಾಗ ಪೂರ್ತಿ ಊರಲು ಜಾಗ ಬೇಕು, ಬರೀ ಬೆರಳ ತುದಿಗೆ ಸಿಕ್ಕರೆ ಜಾರುವುದೇ ಸೈ.

4. ಕಂಬಿ ಬಿಟ್ಟು ಬ್ರಾಕೆಟ್ ನೋಡಿ

ಅಂಗಡಿಯಲ್ಲಿ ಎಲ್ಲರೂ ಮೇಲಿನ ಹೊಳಪು ಸವರಿ ನೋಡುತ್ತಾರೆ. ನೀವು ಬಗ್ಗಿ ಕೆಳಗೆ ನೋಡಿ. ಸಾಮಾನ್ಯ ಸೈಡ್ ಸ್ಟೆಪ್ ನಿಂತಿರುವುದು ಮಡಿಚಿದ ತಗಡಿನ ಎರಡು ಮೂರು ಬ್ರಾಕೆಟ್ ಮೇಲೆ. ಮೇಲಿನಿಂದ ಒಬ್ಬ ಮನುಷ್ಯನ ಭಾರ ತಾಳಲಷ್ಟೇ ಅದರ ಲೆಕ್ಕ. ಕೆಳಗಿನಿಂದ 2 ಟನ್ ಹತ್ತಿರದ ಗಾಡಿ ಕಲ್ಲಿನ ಮೇಲೆ ಕೂತಾಗ ಆಗುವುದೇ ಬೇರೆ. ಮೊದಲು ನಡುವಿನ ಬ್ರಾಕೆಟ್ ಮಡಿಚುತ್ತದೆ. ಹಲಗೆ ಮೇಲಕ್ಕೆ ಏಳುತ್ತದೆ, ಅದರ ಅಂಚು ಹಿಂದಿನ ಬಾಗಿಲಿನ ಬುಡಕ್ಕೆ ಒತ್ತುತ್ತದೆ. ಕಲ್ಲು ದಾಟಿ ಗಾಡಿ ನಿಲ್ಲಿಸಿ ಬಾಗಿಲು ತೆರೆಯಲು ಹೋದರೆ ಅದು ಅಲ್ಲಾಡುವುದಿಲ್ಲ. ಜೋರು ಮಾಡಿದರೆ ಹಲಗೆಯ ಅಂಚೇ ಬಣ್ಣ ಕೆರೆದು ತಗಡಿಗೆ ಗೆರೆ ಹಾಕುತ್ತದೆ. ಹೀಗೆ ರಕ್ಷಣೆಗೆಂದು ಹಾಕಿಸಿದ್ದೇ ಬಾಗಿಲನ್ನು ಹಾಳು ಮಾಡುತ್ತದೆ. ಕಲ್ಲುದಾರಿಗೆ ಹೋಗುವ ಗಾಡಿಗೆ ದುರ್ಬಲ ಮೆಟ್ಟಿಲಿಗಿಂತ ಬರಿ ಬಾಗಿಲೇ ಮೇಲು.

5. ಸ್ಟೆಪ್ಪೇ ಸಾಕು ಎಂದಾದರೆ ಜಾತಿ ಗೊತ್ತಿರಲಿ

ಅಗಲವಾದ ಅಲ್ಯುಮಿನಿಯಂ ಹಲಗೆ ಕಾಲಿಗೆ ಒಳ್ಳೆಯದು, ಹಗುರ, ಕೆಸರು ಬಾಗಿಲಿಗೆ ಸಿಡಿಯದಂತೆ ತಡೆಯುತ್ತದೆ. ದುಂಡು ಪೈಪಿನದು ನೋಟಕ್ಕೆ ಗಡಸು, ಆದರೆ ಕಾಲಿಡುವ ಪ್ಲಾಸ್ಟಿಕ್ ಪ್ಯಾಡ್ ಬಾಗಿಲಿಗೆ ಒಂದರಂತೆ ಮಾತ್ರ ಇರುತ್ತದೆ, ಕತ್ತಲಲ್ಲಿ ತಡಕಬೇಕು. ಬಾಗಿಲು ತೆರೆದಾಗ ತಾನೇ ಇಳಿದು, ಮುಚ್ಚಿದಾಗ ಒಳಸೇರುವ ಮೋಟಾರು ಸ್ಟೆಪ್ ಮೂರನೆಯದು. ಅಮೆರಿಕದ ದೊಡ್ಡ ಪಿಕಪ್‌ಗಳಲ್ಲಿ ಅದು ಜನಪ್ರಿಯ. ಕ್ಲಿಯರೆನ್ಸ್ ನುಂಗುವುದಿಲ್ಲ ಎಂಬುದು ಅದರ ಹೆಚ್ಚುಗಾರಿಕೆ. ಆದರೆ ಅದರ ಕೀಲುಗಳಿಗೆ ಮಲೆನಾಡಿನ ಜಿಗುಟು ಕೆಂಪುಮಣ್ಣು, ಸಣ್ಣ ಜಲ್ಲಿ ಸೇರಿದರೆ ಅರ್ಧಕ್ಕೇ ನಿಂತುಬಿಡುತ್ತದೆ. ನಗರ, ಹೆದ್ದಾರಿಗೆ ಸರಿ, ಕಣದ ದಾರಿಗೆ ಬೇಡ.

6. ಸ್ಲೈಡರ್ ಕೂರಬೇಕಾದ್ದು ಚಾಸಿಗೆ

ಹೈಲಕ್ಸ್, ವಿ-ಕ್ರಾಸ್ ಎರಡೂ ಏಣಿ ಚಾಸಿಯ ಗಾಡಿಗಳು. ಕ್ಯಾಬಿನ್ ಆ ಚಾಸಿಯ ಮೇಲೆ ರಬ್ಬರ್ ಬುಷ್‌ಗಳ ಮೇಲೆ ಕೂತಿರುತ್ತದೆ, ಹಿಂದಿನ ತೊಟ್ಟಿ ಬೇರೆಯೇ ಕೂತಿರುತ್ತದೆ. ಗುಂಡಿಯಲ್ಲಿ ಒಂದು ಚಕ್ರ ಇಳಿದು ಚಾಸಿ ತಿರುಚಿದಾಗ ಇವು ಒಂದೊಂದೂ ತನ್ನ ಪಾಡಿಗೆ ಅಲ್ಲಾಡುತ್ತವೆ. ಕ್ಯಾಬಿನ್ನಿಗೂ ತೊಟ್ಟಿಗೂ ನಡುವಿನ ಸಂದು ಅದಕ್ಕೇ ಇರುವುದು. ಆದ್ದರಿಂದ ಸ್ಲೈಡರ್‌ನ ಕಾಲುಗಳೆಲ್ಲ ಚಾಸಿಗೇ ಸೇರಬೇಕು. ಒಂದು ಕಾಲು ಚಾಸಿಗೆ, ಇನ್ನೊಂದು ಬಾಡಿಗೆ ಎಂದರೆ ಎರಡರ ಎಳೆದಾಟದಲ್ಲಿ ತಗಡು ಬಿರುಕು ಬಿಡುತ್ತದೆ. ಸ್ಲೈಡರ್‌ಗೂ ಬಾಗಿಲ ಪಟ್ಟಿಗೂ ನಡುವೆ ಬೆರಳು ಸಲೀಸಾಗಿ ಆಡುವಷ್ಟು ಸಂದೂ ಇರಲಿ. ಡಸ್ಟರ್‌ನಂಥ ಪ್ರತ್ಯೇಕ ಚಾಸಿ ಇಲ್ಲದ ಗಾಡಿಗೆ "ಸ್ಲೈಡರ್ ಹಾಕಿಕೊಡ್ತೀನಿ" ಎಂದು ಯಾರಾದರೂ ಹೇಳಿದರೆ, ಯಾವುದಕ್ಕೆ ಬಿಗಿಯುತ್ತೀರಿ ಎಂದು ಕೇಳಿ ನೋಡಿ.

7. ವೆಲ್ಡಿಂಗ್‌ಗಿಂತ ಬೋಲ್ಟ್ ವಾಸಿ

ಚಾಸಿಗೇ ವೆಲ್ಡ್ ಮಾಡಿದ ಸ್ಲೈಡರ್ ಗಟ್ಟಿ, ನಿಜ. ಆದರೆ ಈಗಿನ ಚಾಸಿಗಳದ್ದು ಹೆಚ್ಚು ಬಲದ ಉಕ್ಕು. ಅರಿಯದ ಕೈಯಲ್ಲಿ ಕಾಯಿಸಿದರೆ ವೆಲ್ಡಿನ ಪಕ್ಕದಲ್ಲೇ ಬಲ ಕುಂದುತ್ತದೆ. ಒಳಗಿನ ಬಣ್ಣ ಸುಟ್ಟುಹೋಗಿ ಅಲ್ಲಿಂದಲೇ ತುಕ್ಕು ಶುರು, ವಾರಂಟಿ ಮಾತೂ ಮುಗಿದಂತೆ. ಚಾಸಿಯಲ್ಲಿ ಇರುವ ತೂತುಗಳಿಗೇ ಬಿಗಿಯುವ, ಅಗಲವಾದ ಪ್ಲೇಟ್‌ನಿಂದ ಭಾರ ಹಂಚುವ ಬೋಲ್ಟ್ ಸ್ಲೈಡರ್ ಬಹುಪಾಲು ಜನರಿಗೆ ಸರಿ. ಒಂದು ಬದಿಗೆ ಮೂರು ನಾಲ್ಕು ಕಾಲು, ಪ್ಲೇಟ್ 5–6 ಮಿ.ಮೀ. ದಪ್ಪ ಇರಲಿ. ಬೋಲ್ಟ್ ತಲೆ ಮೇಲೆ 8.8 ಅಥವಾ 10.9 ಎಂಬ ಅಚ್ಚು ಹುಡುಕಿ. 8.8 ಎಂದರೆ 800 ಮೆಗಾಪ್ಯಾಸ್ಕಲ್ ಎಳೆತ ತಡೆಯುವ, ಅದರ ಶೇ. 80ರವರೆಗೆ ಹೋದರೂ ಆಕಾರ ಕೆಡದ ಉಕ್ಕು. ಹೊಳೆಯುವ ಸ್ಟೇನ್‌ಲೆಸ್ ಬೋಲ್ಟ್ ಚೆನ್ನಾಗಿ ಕಾಣುತ್ತದೆ. ಆದರೆ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಎ2-70 ಬಗೆಯದು 8.8ಕ್ಕಿಂತ ಮೆದು.

8. ಪೈಪಿನ ಬಣ್ಣದ ಪಟ್ಟಿ ಓದಿ

ಊರ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸುವವರಿಗೆ ಇದು ಮುಖ್ಯ. ಭಾರತೀಯ ಮಾನಕ ಐಎಸ್ 1239ರ ಪೈಪು ಮೂರು ದರ್ಜೆಯಲ್ಲಿ ಬರುತ್ತದೆ. ಹಗುರ ಎ ಕ್ಲಾಸಿಗೆ ಹಳದಿ ಪಟ್ಟಿ, ನಡುವಿನ ಬಿ ಕ್ಲಾಸಿಗೆ ನೀಲಿ, ಭಾರಿ ಸಿ ಕ್ಲಾಸಿಗೆ ಕೆಂಪು. ಒಂದೂವರೆ ಇಂಚು ಎಂದು ಕೇಳಿದರೆ ಸಿಗುವ ಪೈಪಿನ ಹೊರವ್ಯಾಸ 48.3 ಮಿ.ಮೀ. ಗೋಡೆಯ ದಪ್ಪ ಬಿ ಕ್ಲಾಸಿನಲ್ಲಿ 3.2, ಸಿ ಕ್ಲಾಸಿನಲ್ಲಿ 4 ಮಿ.ಮೀ. ಕಲ್ಲಿಗೆ ನೇರ ತಾಗುವ ಹೊರಪೈಪಿಗೆ ಸಿ ಕ್ಲಾಸ್ ಇರಲಿ. ಗ್ರಿಲ್ ಗೇಟಿಗೆ ಹಾಕುವ ತೆಳು ಪೈಪನ್ನು ಕಪ್ಪು ಬಣ್ಣ ಬಳಿದು ಸ್ಲೈಡರ್ ಎಂದು ಮಾರುವವರೂ ಇದ್ದಾರೆ. ತುದಿಗೆ ಮುಚ್ಚಳ ಬೆಸೆಯುವ ಮೊದಲೇ ಹೋಗಿ ಗೋಡೆಯ ದಪ್ಪ ಕಣ್ಣಾರೆ ನೋಡಿ. ವಿದೇಶಿ ಸ್ಲೈಡರ್‌ಗಳ ವಿವರದಲ್ಲಿ ಡಿಒಎಂ ಎಂದಿದ್ದರೆ, ಬೆಸೆದ ಪೈಪನ್ನು ಒಳಗೊಂದು ಅಚ್ಚು ಇಟ್ಟು ತಣ್ಣಗೆ ಎಳೆದು ಗಟ್ಟಿ ಮಾಡಿದ್ದು ಎಂದರ್ಥ. ದುಬಾರಿ, ಆದರೆ ಅದೇ ದಪ್ಪದ ಸಾದಾ ಪೈಪಿಗಿಂತ ಹೆಚ್ಚು ತಾಳುತ್ತದೆ.

9. ತೂಕಕ್ಕೂ ಬಜೆಟ್ ಇಡಿ

ಒಂದೂವರೆ ಇಂಚಿನ ಸಿ ಕ್ಲಾಸ್ ಪೈಪು ಮೀಟರಿಗೆ ಸುಮಾರು 4.4 ಕೆ.ಜಿ. ಒಂದು ಬದಿಗೆ 1.8 ಮೀಟರಿನ ಎರಡು ಪೈಪು, ನಾಲ್ಕು ಕಾಲು, ಪ್ಲೇಟು ಎಲ್ಲ ಸೇರಿದರೆ 25 ಕೆ.ಜಿ. ದಾಟುತ್ತದೆ. ಎರಡೂ ಬದಿಗೆ 50ರ ಮೇಲೆ, ಅಂದರೆ ಒಂದು ಮೂಟೆ ಕಾಫಿಯನ್ನು ವರ್ಷಪೂರ್ತಿ ಹೊತ್ತು ತಿರುಗಿದಂತೆ. ಆರ್‌ಸಿಯಲ್ಲಿ ಬರೆದಿರುವ ಗರಿಷ್ಠ ಒಟ್ಟು ತೂಕದಿಂದ ಅಷ್ಟು ಕಳೆದೇ ಹೊರೆ ಹೇರಬೇಕು. ಕೆ.ಜಿ. ಲೆಕ್ಕದಲ್ಲಿ ಬಿಲ್ ಮಾಡುವ ಶಾಪಿನವನಿಗೆ ತೂಕ ಹೆಚ್ಚಿದಷ್ಟೂ ಲಾಭ ಎಂಬುದನ್ನೂ ಮರೆಯಬೇಡಿ. ಹಗುರವಿರಲಿ ಎಂದು ಅಲ್ಯುಮಿನಿಯಂ ಕಡೆ ವಾಲುವವರಿಗೆ ಒಂದು ಕಿವಿಮಾತು: ಅದು ಮೆದು ಲೋಹ. ಕಲ್ಲಿನ ಮೇಲೆ ಉಕ್ಕು ಜಾರಿ ಮುಂದೆ ಸಾಗಿದರೆ ಅಲ್ಯುಮಿನಿಯಂ ಕೊರೆಸಿಕೊಂಡು ಅಲ್ಲೇ ಕಚ್ಚಿಕೊಳ್ಳುತ್ತದೆ.

10. ಕೋನ ಮತ್ತು ಬಾಲ, ಎರಡನ್ನೂ ತೀರ್ಮಾನಿಸಿ

ಚಾಸಿಯಿಂದ ಅಡ್ಡಕ್ಕೆ ನೇರ ಬರುವ ಸ್ಲೈಡರ್ ಮೆಟ್ಟಿಲಾಗಿಯೂ ನಡೆಯುತ್ತದೆ. ಹೊರತುದಿ ಸ್ವಲ್ಪ ಮೇಲಕ್ಕೆ ಎತ್ತಿರುವುದು ಬಾಗಿಲ ಪಟ್ಟಿಯನ್ನು ಇನ್ನೂ ಚೆನ್ನಾಗಿ ಕಾಯುತ್ತದೆ, ಆದರೆ ಅದರ ಮೇಲೆ ಕಾಲಿಡುವುದು ಕಷ್ಟ. ಇನ್ನು ಬಾಲ. ಕೆಲವು ಸ್ಲೈಡರ್‌ಗಳ ಹಿಂತುದಿ ಹೊರಕ್ಕೆ ಬಾಗಿರುತ್ತದೆ. ಇಕ್ಕಟ್ಟು ತಿರುವಿನಲ್ಲಿ ಹಿಂದಿನ ಚಕ್ರ ಒಳಗಿನಿಂದ ಸುತ್ತುವಾಗ ಪಕ್ಕದ ಸಿಲ್ವರ್ ಓಕ್ ಮರಕ್ಕೋ ಮೋರಿಯ ಕಲ್ಲಿಗೋ ಮೊದಲು ಆ ಬಾಗು ತಾಗಿ ಗಾಡಿಯನ್ನು ಆಚೆ ತಳ್ಳುತ್ತದೆ, ತೊಟ್ಟಿಯ ಮಗ್ಗುಲು ಉಳಿಯುತ್ತದೆ. ಉದ್ದನೆಯ ಪಿಕಪ್‌ಗೆ ಈ ಬಾಲ ನಿಜಕ್ಕೂ ಉಪಕಾರಿ. ಮುಂದಿನ ತುದಿಯಲ್ಲಿ ಇನ್ನೊಂದು ಪರೀಕ್ಷೆ: ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಟೈರ್ ಎಲ್ಲೂ ಉಜ್ಜಬಾರದು. ಮುಂದೆ ದೊಡ್ಡ ಟೈರ್ ಹಾಕುವ ಆಸೆಯಿದ್ದರೆ ಅದಕ್ಕೂ ಈಗಲೇ ಜಾಗ ಬಿಡಿಸಿ.

11. ಎರಡೂ ಬೇಕೆನ್ನುವವರಿಗೆ ದಾರಿಯಿದೆ

ಅಮ್ಮನಿಗೆ ಮೆಟ್ಟಿಲೂ ಬೇಕು, ಕಣದ ದಾರಿಗೆ ರಕ್ಷಣೆಯೂ ಬೇಕು ಎನ್ನುವ ಮನೆಗಳೇ ಹೆಚ್ಚು. ಅಂಥವರು ನೇರ ಕೋನದ, ಎರಡು ಪೈಪಿನ ಸ್ಲೈಡರ್ ಮಾಡಿಸಿ ನಡುವೆ ಕಾಲಿಡಲು ಪ್ಲೇಟ್ ಹಾಕಿಸಲಿ. ಒದ್ದೆ ಚಪ್ಪಲಿಗೆ ದುಂಡು ಪೈಪು ಜಾರುತ್ತದೆ. ತೂತಿಲ್ಲದ ಚೆಕ್ಕರ್ ಪ್ಲೇಟ್ ಹಿಡಿತ ಕೊಟ್ಟರೂ ಕೆಸರು ಹಿಡಿದಿಟ್ಟುಕೊಳ್ಳುತ್ತದೆ. ತೂತು ಹೊಡೆದು ಅಂಚು ಮೇಲೆದ್ದ ಪ್ಲೇಟ್ ಅಥವಾ ಉಕ್ಕಿನ ಜಾಲರಿ ವಾಸಿ, ಮಣ್ಣು ಕೆಳಗೆ ಉದುರುತ್ತದೆ, ಕಾಲೂ ನಿಲ್ಲುತ್ತದೆ. ಇಷ್ಟಾದರೂ ಎತ್ತರದಲ್ಲಿ ಸ್ವಲ್ಪ ರಾಜಿ ಅನಿವಾರ್ಯ. ಸ್ಲೈಡರ್ ಮೇಲಕ್ಕೆ ಅಂಟಿಕೊಂಡಷ್ಟೂ ಗಾಡಿಗೆ ಲಾಭ, ಹತ್ತುವವರಿಗೆ ನಷ್ಟ. ತೀರಾ ವಯಸ್ಸಾದವರಿದ್ದರೆ ಗಾಡಿಯಲ್ಲೊಂದು ಮಡಚುವ ಸ್ಟೂಲ್ ಇಟ್ಟುಕೊಳ್ಳುವುದೇ ಜಾಣತನ.

12. ಜಾಕ್ ಕೊಟ್ಟು ಪರೀಕ್ಷೆ ಮಾಡಿ, ಆಮೇಲೆ ದುಡ್ಡು ಕೊಡಿ

ಸ್ಲೈಡರ್‌ನ ಅಸಲಿತನ ತಿಳಿಯಲು ಇದಕ್ಕಿಂತ ಸುಲಭ ದಾರಿಯಿಲ್ಲ. ಗಟ್ಟಿ ನೆಲದಲ್ಲಿ ಎದುರು ಬದಿಯ ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಹಾಕಿ, ಸ್ಲೈಡರ್‌ನ ಹೊರಪೈಪಿನ ನಡುವಿಗೆ ಜಾಕ್ ಇಟ್ಟು ನಿಧಾನಕ್ಕೆ ಎತ್ತಿಸಿ. ಎರಡು ಚಕ್ರಗಳ ಭಾರ ಹಗುರಾಗುವವರೆಗೆ ಎತ್ತಿದ ಮೇಲೆ ಪಕ್ಕಕ್ಕೆ ನಿಂತು ಮೂರು ಜಾಗ ನೋಡಿ. ಪೈಪು ಬಿಲ್ಲಿನಂತೆ ಬಾಗಿದೆಯೇ? ಸ್ಲೈಡರ್‌ಗೂ ಬಾಗಿಲ ಪಟ್ಟಿಗೂ ನಡುವೆ ಇದ್ದ ಸಂದು ಕಿರಿದಾಗಿದೆಯೇ? ಪ್ಲೇಟ್ ಚಾಸಿಯಿಂದ ಕೂದಲೆಳೆಯಷ್ಟಾದರೂ ಸರಿದಿದೆಯೇ? ಈಗ ಹೊರಗೆ ನಿಂತೇ ಬಾಗಿಲು ತೆರೆದು ಮುಚ್ಚಿ. ಮೊದಲಿನಷ್ಟೇ ಸಲೀಸಾಗಿ ಕ್ಲಿಕ್ ಎಂದರೆ ಸ್ಲೈಡರ್ ಪಾಸು. ಜಾಕ್ ಮೇಲಿರುವ ಗಾಡಿಯ ಕೆಳಗೆ ಯಾರೂ ಕೈ ತಲೆ ತೂರಿಸಕೂಡದು. ಈ ಪರೀಕ್ಷೆಗೆ ಫಿಟ್ಟರ್ ಒಪ್ಪದಿದ್ದರೆ ಅವನ ಮಾಲಿನ ಮೇಲೆ ಅವನಿಗೇ ನಂಬಿಕೆಯಿಲ್ಲ. ಪಾಸಾದ ಸ್ಲೈಡರ್‌ನಿಂದ ಇನ್ನೊಂದು ಲಾಭವಿದೆ: ಕೆಸರಲ್ಲಿ ಹೂತ ದಿನ ಉದ್ದನೆಯ ಫಾರ್ಮ್ ಜಾಕ್‌ಗೆ ಅದೇ ಆಸರೆ. ಸೈಡ್ ಸ್ಟೆಪ್‌ಗೆ ಮಾತ್ರ ಜಾಕ್ ಕೊಡಲೇಬೇಡಿ.

13. ತುಕ್ಕಿಗೆ ಮೊದಲ ಮಳೆಗಿಂತ ಮುಂಚೆ ಮದ್ದು

ಪೌಡರ್ ಕೋಟಿಂಗ್ ಹೊಸದರಲ್ಲಿ ಚಂದ. ಒಮ್ಮೆ ಕಲ್ಲು ತಾಗಿ ಚಕ್ಕೆ ಎದ್ದರೆ ನೀರು ಪದರದ ಅಡಿಗೆ ನುಗ್ಗಿ ತುಕ್ಕು ಒಳಗೊಳಗೇ ಹಬ್ಬುತ್ತದೆ, ಮೇಲೆ ನೋಡಿದರೆ ಏನೂ ಕಾಣದು. ಕಲ್ಲಿಗೆ ಉಜ್ಜುವ ವಸ್ತುವಿಗೆ ಪ್ರೈಮರ್ ಮೇಲೆ ಸಾದಾ ಕಪ್ಪು ಬಣ್ಣವೇ ಅನುಕೂಲ, ಗೀರು ಬಿದ್ದ ದಿನ ಬ್ರಷ್‌ನಲ್ಲಿ ಸವರಿದರೆ ಮುಗಿಯಿತು. ಕರಾವಳಿಯ ಉಪ್ಪುಗಾಳಿಯಲ್ಲಿ ಇರುವವರು ಬಿಸಿ ಸತುವಿನಲ್ಲಿ ಅದ್ದಿಸಿ ಗ್ಯಾಲ್ವನೈಸ್ ಮಾಡಿಸಲಿ. ಸತುವಿನಲ್ಲಿ ಅದ್ದಿಸದ ಪೈಪಿನ ತುದಿಗಳು ಪೂರ್ತಿ ಬೆಸೆದಿರಬೇಕು, ಇಲ್ಲವೇ ತಳದಲ್ಲಿ ನೀರು ಇಳಿಯುವ ತೂತಿರಬೇಕು. ಅರ್ಧಂಬರ್ಧವಾದರೆ ಒಳಗೆ ನಿಂತ ನೀರು ಪೈಪನ್ನೇ ತಿನ್ನುತ್ತದೆ. ಕೆಸರಿನಿಂದ ಬಂದ ಸಂಜೆ ಸ್ಲೈಡರ್ ಮತ್ತು ಬಾಗಿಲ ಪಟ್ಟಿಯ ನಡುವಿನ ಸಂದಿಗೆ ನೀರು ಬಿಡಿ. ಅಲ್ಲಿ ಮೆತ್ತಿದ ಮಣ್ಣು ವಾರಗಟ್ಟಲೆ ಒಣಗುವುದಿಲ್ಲ.

14. ಕಾಗದ ಪತ್ರ ಮೊದಲು, ಸ್ಪ್ಯಾನರ್ ಆಮೇಲೆ

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರವು ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂ. ದಂಡ ಅಥವಾ 6 ತಿಂಗಳವರೆಗೆ ಸಜೆ, ಇಲ್ಲವೇ ಎರಡನ್ನೂ ಹೇಳುತ್ತದೆ. ಮುಂಭಾಗದ ಬುಲ್ ಬಾರ್ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿತ್ತು. ಕಂಪನಿಯ ಆಕ್ಸೆಸರಿ ಪಟ್ಟಿಯಲ್ಲಿರುವ ಸ್ಟೆಪ್ಪನ್ನು ಡೀಲರ್ ಬಿಲ್ಲಿನೊಂದಿಗೆ ಹಾಕಿಸುವುದು ತಲೆನೋವಿಲ್ಲದ ದಾರಿ. ಹೊರಗೆ ಮಾಡಿಸುವ ಸ್ಲೈಡರ್‌ಗೆ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ. ಗಾಡಿಯ ಅಗಲಕ್ಕಿಂತ ಹೊರಗೆ ಚಾಚುವ, ಪಾದಚಾರಿಗಳ ಮೊಣಕಾಲಿಗೆ ತಾಗುವ ಚೂಪು ಅಂಚು ಯಾವ ಕಾನೂನೂ ಕೇಳದಿದ್ದರೂ ಬೇಡ.

15. ಹಾಕಿಸಿದ ಮೇಲೂ ಕೆಲಸವಿದೆ

ಮೊದಲ ಕೆಲವು ನೂರು ಕಿ.ಮೀ. ಓಡಿದ ಮೇಲೆ ಎಲ್ಲ ಬೋಲ್ಟ್‌ಗಳನ್ನೂ ಟಾರ್ಕ್ ಸ್ಪ್ಯಾನರ್‌ನಿಂದ ಮತ್ತೆ ಬಿಗಿಸಿ. ಬಣ್ಣದ ಪದರ ಅಮುಕಿಕೊಂಡು ಮೊದಲ ಬಿಗಿ ಸಡಿಲವಾಗಿರುತ್ತದೆ. ಬ್ರೇಕ್ ಪೈಪು, ವೈರಿಂಗ್, ಡೀಸೆಲ್ ಟ್ಯಾಂಕಿಗೆ ಪ್ಲೇಟ್ ಎಲ್ಲೂ ಒರೆಸುತ್ತಿಲ್ಲ ಎಂದು ಕೆಳಗಿನಿಂದ ಟಾರ್ಚ್ ಬಿಟ್ಟು ನೋಡಿಸಿ. ಸ್ಲೈಡರ್ ಕಾಯುವುದು ಗಾಡಿಯ ಎರಡು ಮಗ್ಗುಲನ್ನು ಮಾತ್ರ. ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಟ್ಯಾಂಕ್ ಹಿಂದಿನಷ್ಟೇ ಬರಿಮೈಯಲ್ಲಿವೆ. ಆದ್ದರಿಂದ ಓಡಿಸುವ ರೀತಿ ಬದಲಾಗಬಾರದು. ಎದ್ದ ಕಲ್ಲನ್ನು ಎರಡು ಚಕ್ರದ ನಡುವೆ ಬಿಡದೆ ಟೈರಿನಡಿಗೇ ತೆಗೆದುಕೊಳ್ಳಿ, ಫೋರ್ ಲೋ ಹಾಕಿ ನಡಿಗೆಯ ವೇಗದಲ್ಲಿ ದಾಟಿ. ಮುಂದೆ ಒಬ್ಬರು ಇಳಿದು ನಿಂತು "ಬರ್ಲಿ ಬರ್ಲಿ... ಸ್ವಲ್ಪ ಲೆಫ್ಟು... ಸಾಕು" ಎಂದು ಹೇಳಿದರೆ ಅರ್ಧ ಅಪಾಯ ಕಳೆದಂತೆ. ಹೀಗೆ ಓಡಿಸಿ, ಮಳೆಗಾಲ ಮುಗಿದಾಗ ಸ್ಲೈಡರ್ ಮೇಲೆ ಒಂದೂ ಗೀರಿಲ್ಲದಿದ್ದರೆ ದುಡ್ಡು ದಂಡವಾಯಿತೆಂದು ಕೊರಗಬೇಡಿ. ದಾರಿ ಓದುವುದು ನಿಮಗೆ ಬಂದಿದೆ ಎಂದರ್ಥ.